ಜೈಸಲ್ಮೇರ್‌ನಿಂದ ತನೋಟ್: ಒಂದೇ ದಿನದಲ್ಲಿ ಹೋಗಿಬರಬಹುದೇ?

ಪ್ರಶ್ನೆ: ಡಿಸೆಂಬರಿನಲ್ಲಿ ಅಪ್ಪ, ಅಮ್ಮನನ್ನು ಕರೆದುಕೊಂಡು ಜೈಸಲ್ಮೇರ್‌ಗೆ ಹೋಗುತ್ತಿದ್ದೇನೆ. ಬಾಡಿಗೆ ಕಾರನ್ನು ನಾನೇ ಓಡಿಸಿಕೊಂಡು ಪಾಕಿಸ್ತಾನದ ಗಡಿ ಬಳಿಯ ತನೋಟ್, ಲೋಂಗೇವಾಲಾ ನೋಡಿ ಸಂಜೆಯೊಳಗೆ ಮರಳುವ ಆಸೆ. ಅಪ್ಪ ಸೇನೆಯಲ್ಲಿದ್ದವರು, ಈಗ ಮಂಡಿನೋವು. ದಾರಿ ಹೇಗಿದೆ?

ಉತ್ತರ: ಧಾರಾಳವಾಗಿ ಹೋಗಿ. ತನೋಟ್ ಸುಮಾರು 120 ಕಿ.ಮೀ., ಉದ್ದಕ್ಕೂ ಡಾಂಬರು. ಆದರೆ ಗಾಳಿ ಎದ್ದ ದಿನ ಮರಳು ಅಂಚಿನಿಂದ ರಸ್ತೆಯ ಮೇಲೆ ನಾಲಗೆ ಚಾಚಿದಂತೆ ಹರಡಿಕೊಳ್ಳುತ್ತದೆ. ಅಲ್ಲಿ ವೇಗ ತಗ್ಗಿಸಿ, ಸ್ಟಿಯರಿಂಗ್ ನೇರವಾಗಿ ಹಿಡಿಯಿರಿ, ಥಟ್ಟನೆ ಬ್ರೇಕ್ ಒತ್ತಬೇಡಿ. ಫೋಟೋಕ್ಕೆಂದು ಕಾರನ್ನು ಮರಳಿಗೆ ಇಳಿಸಲೇಬೇಡಿ. ಹೂತುಕೊಂಡರೆ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಇನ್ನೂ ಆಳಕ್ಕಿಳಿಯುತ್ತದೆ. ದಾರಿಯಲ್ಲಿ ಸಿಗುವ ರಾಮಗಢದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಅದರಾಚೆಗಿನ ಬಯಲು ನನಗೆ ಬಲು ಇಷ್ಟ: ಕುರುಚಲು, ದಿಬ್ಬ, ನಡುರಸ್ತೆಯಲ್ಲಿ ನಿಂತು ನಮ್ಮನ್ನೇ ದಿಟ್ಟಿಸುವ ಒಂಟೆ. ಹಾರನ್ ಬೇಡ, ಅದು ತಾನಾಗಿಯೇ ಸರಿಯುತ್ತದೆ.

ಇನ್ನೊಂದು ಉತ್ತರ: ತನೋಟ್ ಮಾತೆಯ ಗುಡಿಯನ್ನು ಗಡಿ ಭದ್ರತಾ ಪಡೆಯವರೇ ನೋಡಿಕೊಳ್ಳುತ್ತಾರೆ. 1965ರ ಯುದ್ಧದಲ್ಲಿ ಸಿಡಿಯದೆ ಉಳಿದ ಬಾಂಬುಗಳು ಅಲ್ಲಿವೆ. 1971ರ ಕದನ ನಡೆದ ಲೋಂಗೇವಾಲಾದಲ್ಲಿ ಅಪ್ಪನಿಗೆ ಸಾಕಷ್ಟು ಸಮಯ ಕೊಡಿ. ಎಲ್ಲರ ಗುರುತಿನ ಚೀಟಿಯೂ ಕೈಯಲ್ಲಿರಲಿ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದಗಳು. ಹಾಗಾದರೆ ಬೆಳಕು ಹರಿಯುತ್ತಲೇ ಹೊರಡುತ್ತೇವೆ, ಮೊದಲು ಲೋಂಗೇವಾಲಾ.