ಏಳೂಮುಕ್ಕಾಲಿಗೆ ಸ್ಕೂಲ್ ವ್ಯಾನ್ ಬರುತ್ತೆ, ಬೆಳಿಗ್ಗೆ ತಿಂಡಿಗೆ ಏನು ಮಾಡ್ತೀರಿ?

ವಿನೋಬನಗರ, ಶಿವಮೊಗ್ಗದಿಂದ ಕೇಳಿದ್ದು

ಈ ವರ್ಷ ಮಗಳ ಸ್ಕೂಲ್ ವ್ಯಾನ್ ಏಳೂಮುಕ್ಕಾಲಿಗೇ ಬರುತ್ತಿದೆ. ಯಜಮಾನರು ಎಂಟು ಗಂಟೆಗೆ ಭದ್ರಾವತಿ ಬಸ್ಸು ಹಿಡಿಯಬೇಕು. ನನಗೆ ಒಂಬತ್ತೂವರೆಗೆ ಕೆಲಸ. ಅತ್ತೆಗೆ ಶುಗರ್ ಇದೆ, ಮಾತ್ರೆ ತಗೊಳ್ಳುವುದರಿಂದ ಅವರ ತಿಂಡಿ ತಡ ಆಗುವ ಹಾಗಿಲ್ಲ. ದೋಸೆ ಮಾಡಿದ ದಿನ ಎಲ್ಲರಿಗೂ ಬಿಸಿಬಿಸಿ ಹಾಕಿಕೊಡುವುದರಲ್ಲಿ ನಾನು ತಿನ್ನದೆ ಓಡುತ್ತೇನೆ. ಮಳೆ ಹಿಡಿದ ಮೇಲೆ ಇಡ್ಲಿ ಹಿಟ್ಟು ಉಬ್ಬುತ್ತಲೇ ಇಲ್ಲ. ಬ್ರೆಡ್ಡು, ಜಾಮು ಕೊಟ್ಟು ಕಳಿಸಿದರೆ ಇಡೀ ದಿನ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಹೇಗೆ ನಿಭಾಯಿಸುತ್ತೀರಿ, ದಯವಿಟ್ಟು ಹೇಳಿ.

ತೀರ್ಥಹಳ್ಳಿ ಕಡೆಯವರು, ಈಗ ಶಿವಮೊಗ್ಗದಲ್ಲಿ

ನಾನೂ ಆರು ವರ್ಷ ಹೀಗೇ ಒದ್ದಾಡಿದ್ದೇನೆ. ನನಗೆ ಆಮೇಲೆ ಗೊತ್ತಾಗಿದ್ದು ಒಂದೇ. ತಿಂಡಿ ಎಷ್ಟು ನಿಮಿಷದಲ್ಲಿ ಆಗುತ್ತೆ ಅಂತ ನೋಡಬೇಡಿ. ನಾವು ಒಲೆ ಮುಂದೆ ಎಷ್ಟು ನಿಮಿಷ ನಿಂತಿರಬೇಕು ಅಂತ ನೋಡಿ. ದೋಸೆ ಒಂದೊಂದು ಎರಡು ನಿಮಿಷಕ್ಕೆ ಆಗುತ್ತೆ, ನಿಜ. ಆದರೆ ನಾಲ್ಕು ಜನಕ್ಕೆ ಮೂರು ಮೂರು ಅಂದರೂ ಹನ್ನೆರಡು ದೋಸೆ. ಅಷ್ಟೂ ಹೊತ್ತು ಕೈಯಲ್ಲಿ ಸೌಟು. ಜಡೆ ಹಾಕು ಅಂತ ಮಗಳು ಬಂದು ನಿಂತರೆ ಕಾವಲಿ ಸೀಯುತ್ತೆ. ಕಡುಬು ಬೇಯಲು ಇಪ್ಪತ್ತು ನಿಮಿಷ ಬೇಕು, ಆದರೆ ಆ ಇಪ್ಪತ್ತೂ ನಿಮಿಷ ನಮ್ಮದೇ. ಅಷ್ಟರಲ್ಲಿ ಜಡೆ ಆಗುತ್ತೆ, ಡಬ್ಬಿ ತುಂಬಬಹುದು, ಸ್ನಾನವನ್ನೂ ಮುಗಿಸಬಹುದು. ಬೆಂದ ಮೇಲೆ ಎಲ್ಲರೂ ಒಟ್ಟಿಗೆ ಕೂತು ತಿನ್ನಬಹುದು, ನೀವೂ ಸೇರಿ. ಅದಕ್ಕೇ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನ ಕಡುಬು.

ಅಕ್ಕಿ ತರಿ ತಿಂಗಳಿಗೊಮ್ಮೆ ಮಾಡಿಟ್ಟುಕೊಳ್ಳುತ್ತೇನೆ. ಅಕ್ಕಿ ತೊಳೆದು, ಬಟ್ಟೆ ಮೇಲೆ ಹರವಿ ನೆರಳಲ್ಲೇ ಪೂರ್ತಿ ಒಣಗಿಸಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಸಾಕು. ಬಾಂಬೆ ರವೆಯಷ್ಟು ದಪ್ಪ ಇರಲಿ. ಮಳೆಗಾಲದಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು, ಆರಿಸಿ ಡಬ್ಬಿಗೆ ಹಾಕುತ್ತೇನೆ. ಹಾಗೆ ಮಾಡಿದರೆ ಹುಳ ಆಗುವುದಿಲ್ಲ.

ರಾತ್ರಿ ಊಟ ಆದ ಮೇಲೆ ಎರಡು ಲೋಟ ನೀರಿಗೆ ಉಪ್ಪು, ಒಂದು ಚಮಚ ಕೊಬ್ಬರಿ ಎಣ್ಣೆ, ಚಿಟಿಕೆ ಜೀರಿಗೆ, ಒಂದು ಮುಷ್ಟಿ ಕಾಯಿತುರಿ ಹಾಕಿ ಕುದಿಸಿ. ಒಂದು ಲೋಟ ತರಿ ಸುರಿದು ಉರಿ ಸಣ್ಣ ಮಾಡಿ, ಗಂಟಾಗದ ಹಾಗೆ ಮಗುಚುತ್ತಾ ಇರಿ. ಐದು ನಿಮಿಷಕ್ಕೆ ಹಿಟ್ಟು ಪಾತ್ರೆಯ ಬದಿ ಬಿಟ್ಟು ಸೌಟಿಗೆ ಸುತ್ತಿಕೊಳ್ಳುತ್ತೆ. ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಅಂಗೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ. ಪ್ರತಿ ಉಂಡೆಯ ನಡುವೆ ಹೆಬ್ಬೆರಳಿನಿಂದ ಒಂದು ಸಲ ಒತ್ತಬೇಕು. ನನ್ನ ಅಮ್ಮ ಇದನ್ನು ಬಿಡುತ್ತಲೇ ಇರಲಿಲ್ಲ. ಚೆಂದಕ್ಕೆ ಒತ್ತುತ್ತಾರೆ ಅಂದುಕೊಂಡಿದ್ದೆ. ಆ ಗುಳಿ ಇದ್ದರೆ ಹಬೆ ಒಳಗಿನವರೆಗೂ ಹೋಗಿ ನಡುವೆ ಹಸಿ ಉಳಿಯುವುದಿಲ್ಲ. ಉಂಡೆಗಳನ್ನು ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಇಡಿ. ಬೆಳಿಗ್ಗೆ ಇಡ್ಲಿ ಪಾತ್ರೆಯ ನೀರು ಕುದಿ ಬಂದ ಮೇಲೆ ಒಳಗಿಟ್ಟು ಇಪ್ಪತ್ತು ನಿಮಿಷ. ಆಗಷ್ಟೇ ಕಟ್ಟಿದ ಉಂಡೆ ಆದರೆ ಹದಿನೈದು ಸಾಕು.

ಚಟ್ನಿ ಆದರೆ ಚಟ್ನಿ. ಇಲ್ಲದಿದ್ದರೆ ತುಪ್ಪ, ಜೋನಿ ಬೆಲ್ಲ. ಭಾನುವಾರ ರಾತ್ರಿ ಕೋಳಿ ಸಾರು ಮಾಡಿದ್ದರೆ ಸೋಮವಾರದ ಕಡುಬಿಗೆ ಬೇರೇನೂ ಬೇಡ. ಫ್ರಿಜ್ಜಿನಲ್ಲಿಟ್ಟ ಸಾರನ್ನು ಚೆನ್ನಾಗಿ ಕುದಿಸಿ ಹಾಕಿಕೊಂಡರೆ ಆಯಿತು. ನನ್ನ ಮಕ್ಕಳು ಸೋಮವಾರ ಬೆಳಿಗ್ಗೆ ತಾವಾಗೇ ಏಳುವುದು ಅದಕ್ಕೆ. ಉಳಿದ ಕಡುಬನ್ನು ಸಂಜೆ ಪುಡಿ ಮಾಡಿ, ಸಾಸಿವೆ, ಉದ್ದಿನಬೇಳೆ, ಈರುಳ್ಳಿ ಒಗ್ಗರಣೆ ಕೊಟ್ಟರೆ ಸ್ಕೂಲಿಂದ ಬಂದವರಿಗೆ ತಿಂಡಿ.

ನಿಮ್ಮ ಅತ್ತೆಗೆ ಮಾತ್ರ ದಿನಾ ಬರೀ ಅಕ್ಕಿ ಬೇಡ. ರಾತ್ರಿ ಒಂದು ಲೋಟ ಹೆಸರುಕಾಳು, ಒಂದು ಮುಷ್ಟಿ ಅಕ್ಕಿ ನೆನೆಸಿಡಿ. ಬೆಳಿಗ್ಗೆ ಶುಂಠಿ, ಹಸಿಮೆಣಸು, ಕೊತ್ತಂಬರಿ ಹಾಕಿ ರುಬ್ಬಿ ಎರಡು ದೋಸೆ ಅವರಿಗೆ ಮಾತ್ರ ಹುಯ್ದು ಕೊಡಿ. ಹುಳಿ ಬರಬೇಕು ಅಂತ ಕಾಯುವ ಹಾಗೇ ಇಲ್ಲ. ಎರಡೇ ದೋಸೆ ಆದ್ದರಿಂದ ನಿಂತರೂ ಐದು ನಿಮಿಷ. ಉಳಿದ ಹಿಟ್ಟು ಫ್ರಿಜ್ಜಿನಲ್ಲಿ ಮಾರನೇ ದಿನಕ್ಕೆ ಆಗುತ್ತೆ.

ಸಾಗರದಿಂದ

ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ನನ್ನ ಕೆಲಸ. ಹೆಂಡತಿ ಬೇಗ ಹೊರಡುತ್ತಾಳೆ. ಯಜಮಾನರಿಗೂ ಒಂದು ತಿಂಡಿ ವಹಿಸಿಕೊಡಿ ಅಂತ ಮೊದಲು ಹೇಳುತ್ತೇನೆ. ಒಲೆಯೇ ಹಚ್ಚಬೇಕಿಲ್ಲದ ತಿಂಡಿಯಿಂದ ಶುರು ಮಾಡಿದರೆ ಯಾರಿಗೂ ಭಯ ಆಗುವುದಿಲ್ಲ. ಹಚ್ಚವಲಕ್ಕಿ ಅಂಥದ್ದು. ಕಾಯಿತುರಿ, ಉಪ್ಪು, ಬೆಲ್ಲ, ಒಂದು ಚಮಚ ಸಾರಿನ ಪುಡಿ, ಒಂದು ಚಮಚ ಕೊಬ್ಬರಿ ಎಣ್ಣೆ, ಎಲ್ಲವನ್ನೂ ಮೊದಲು ಕೈಯಲ್ಲಿ ಚೆನ್ನಾಗಿ ಹಿಚುಕಬೇಕು. ಕಾಯಿ ಹಾಲು ಬಿಟ್ಟುಕೊಂಡು ಬೆಲ್ಲ ಕರಗುತ್ತೆ. ಆಮೇಲೆ ತೆಳು ಅವಲಕ್ಕಿ ಹಾಕಿ ಹಗುರವಾಗಿ ಕಲಸುವುದು. ಕಾಯಿಯ ಹಸಿಯಲ್ಲೇ ಅವಲಕ್ಕಿ ಮೆತ್ತಗಾಗುತ್ತೆ, ನೀರು ಹಾಕಲೇಬಾರದು. ಮಳೆಗಾಲದಲ್ಲಿ ಅವಲಕ್ಕಿ ಮೆತ್ತಗೆ ಹಿಡಿದಿದ್ದರೆ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿಕೊಳ್ಳಿ. ಇದು ಡಬ್ಬಿಗೆ ಆಗುವುದಿಲ್ಲ, ಹೊತ್ತು ಕಳೆದರೆ ಒಣಕಲಾಗುತ್ತೆ. ಕಲಸಿದ ಕೂಡಲೇ ತಿನ್ನಬೇಕು.

ಡಬ್ಬಿಗೆ ಗೊಜ್ಜವಲಕ್ಕಿ ಒಳ್ಳೆಯದು. ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ ಬಾಟಲಿಯಲ್ಲಿ ಇಟ್ಟಿರುತ್ತೇನೆ. ಹುಣಸೆ ರಸ, ಬೆಲ್ಲ, ಸಾರಿನ ಪುಡಿ, ಉಪ್ಪು ಬೆರೆಸಿದ ನೀರಲ್ಲಿ ಕಾಲು ಗಂಟೆ ನೆನೆದರೆ ಒಗ್ಗರಣೆ ಒಂದೇ ಬಾಕಿ. ನೀರು ಅವಲಕ್ಕಿ ಮುಳುಗುವಷ್ಟು ಮಾತ್ರ ಇರಲಿ. ಜಾಸ್ತಿ ಆದರೆ ಮುದ್ದೆ ಆಗುತ್ತೆ. ಮಧ್ಯಾಹ್ನದವರೆಗೂ ರುಚಿ ಕೆಡುವುದಿಲ್ಲ, ಹುಳಿ ಹಿಡಿದು ಇನ್ನೂ ಚೆನ್ನಾಗಿರುತ್ತೆ.

ತೀರಾ ಬೇಜಾರಾದ ದಿನ ಮೊಸರವಲಕ್ಕಿ, ಪಕ್ಕದಲ್ಲಿ ಒಂದು ಅಪ್ಪೆಮಿಡಿ. ಅದರ ಮುಂದೆ ಇನ್ನೇನಿದೆ ಹೇಳಿ!

ಭದ್ರಾವತಿಯಿಂದ

ಮಂಡಕ್ಕಿಯನ್ನು ಯಾರೂ ಹೇಳಲಿಲ್ಲವಲ್ಲ! ಮಂಡಕ್ಕಿ ಒಗ್ಗರಣೆ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಇದ್ದೇ ಇರುತ್ತೆ. ಮೊದಲು ಈರುಳ್ಳಿ, ಹಸಿಮೆಣಸು, ಟೊಮೆಟೊ ಒಗ್ಗರಣೆ ಮಾಡಿ ಇಟ್ಟುಕೊಳ್ಳಿ, ಆಮೇಲೆ ಮಂಡಕ್ಕಿ ತೋಯಿಸಿ. ಉಲ್ಟಾ ಮಾಡಿದರೆ ಮಂಡಕ್ಕಿ ನೆನೆದು ಅಂಟಾಗುತ್ತೆ. ನೀರಿಗೆ ಹಾಕಿ, ಒಂದು ಸಲ ಮುಳುಗಿಸಿ, ತಕ್ಷಣ ಹಿಂಡಿ ತೆಗೆಯುವುದು. ಮೇಲಿಂದ ಹುರಿಗಡಲೆ ಪುಡಿ, ನಿಂಬೆಹಣ್ಣು. ಹತ್ತು ನಿಮಿಷ ಸಾಕು. ಹುರಿಗಡಲೆ ಪುಡಿ ಧಾರಾಳವಾಗಿ ಹಾಕಿ, ಇಲ್ಲದಿದ್ದರೆ ಹತ್ತು ಗಂಟೆಗೇ ಮಕ್ಕಳಿಗೆ ಹಸಿವಾಗುತ್ತೆ.

ಕೊಪ್ಪದಿಂದ

ಇಡ್ಲಿ ಹಿಟ್ಟಿನ ವಿಷಯಕ್ಕೆ ಬರುತ್ತೇನೆ. ಇಡೀ ಮಲೆನಾಡಿಗೇ ಮಳೆಗಾಲದಲ್ಲಿ ಇದೇ ಗೋಳು. ಹಿಟ್ಟು ಉಬ್ಬಲು ಸುಮಾರು 30 ಡಿಗ್ರಿ ಬೆಚ್ಚಗೆ ಇರಬೇಕು. ಜುಲೈನಲ್ಲಿ ನಮ್ಮ ಅಡುಗೆಮನೆ ಅಷ್ಟು ಬೆಚ್ಚಗೆ ಎಲ್ಲಿರುತ್ತೆ? ಊರಲ್ಲಿ ಹಿಟ್ಟಿನ ಪಾತ್ರೆಯನ್ನು ಬಚ್ಚಲ ಒಲೆ ಹತ್ತಿರ ಇಡುತ್ತಿದ್ದೆವು. ರಾತ್ರಿ ಉರಿ ಆರಿದ ಮೇಲೂ ಹಂಡೆ ಬೆಚ್ಚಗೇ ಇರುತ್ತಿತ್ತು. ಪೇಟೆಯ ಮನೆಯಲ್ಲಿ ನಾನು ಮಾಡುವುದು ಹೀಗೆ. ಉದ್ದು ರುಬ್ಬುವಾಗ ಉಗುರುಬೆಚ್ಚಗಿನ ನೀರು ಹಾಕುತ್ತೇನೆ. ಒಂದು ಪಾಲು ಉದ್ದಿಗೆ ಎರಡು ಪಾಲು ಇಡ್ಲಿ ರವೆ, ಒಂದು ಚಮಚ ಮೆಂತ್ಯ. ಸೌಟು ಬಿಟ್ಟು ಕೈಯಲ್ಲೇ ಕಲಸುತ್ತೇನೆ. ಕುಕ್ಕರಿನಲ್ಲಿ ಎರಡು ಲೋಟ ನೀರು ಬಿಸಿ ಮಾಡಿ, ಒಲೆ ಆರಿಸಿ, ಒಳಗೆ ಸ್ಟ್ಯಾಂಡಿಟ್ಟು ಅದರ ಮೇಲೆ ಹಿಟ್ಟಿನ ಪಾತ್ರೆ. ನೀರು ಕೈ ಅದ್ದುವಷ್ಟು ಬಿಸಿ ಇದ್ದರೆ ಸಾಕು, ಕುದಿಯುವ ನೀರಾದರೆ ತಳದ ಹಿಟ್ಟು ಬೆಂದುಹೋಗುತ್ತೆ. ಮುಚ್ಚಳ ಮುಚ್ಚಿ ಮೇಲೊಂದು ಹಳೇ ಕಂಬಳಿ. ಸಂಜೆ ಆರಕ್ಕೆಲ್ಲ ರುಬ್ಬಿಟ್ಟರೆ ಬೆಳಿಗ್ಗೆ ಉಬ್ಬಿರುತ್ತೆ. ರಾತ್ರಿ ಹತ್ತಕ್ಕೆ ರುಬ್ಬಿ ಬೆಳಿಗ್ಗೆ ಆರಕ್ಕೆ ನೋಡಿದರೆ ಈ ಚಳಿಗೆ ಏನೂ ಆಗಿರುವುದಿಲ್ಲ.

ಅಷ್ಟು ಕಷ್ಟ ಬೇಡ ಅನ್ನಿಸಿದರೆ ಹಿಟ್ಟು ಹುಳಿ ಬರಬೇಕಿಲ್ಲದ ದೋಸೆ ಮಾಡಿ. ಸೌತೆಕಾಯಿ ಸಿಗುವ ಕಾಲ ಇದು. ರಾತ್ರಿ ನೆನೆಸಿದ ಅಕ್ಕಿಗೆ ಸಿಪ್ಪೆ, ತಿರುಳು ತೆಗೆದ ಸೌತೆಕಾಯಿ ಹಾಕಿ ನುಣ್ಣಗೆ ರುಬ್ಬಿ, ಉಪ್ಪು ಹಾಕಿ ಹುಯ್ಯುವುದು. ಕಾಯಿಯಲ್ಲೇ ನೀರಿರುತ್ತೆ, ರುಬ್ಬುವಾಗ ಬೇರೆ ನೀರು ಹಾಕುವ ಮೊದಲು ಒಮ್ಮೆ ನೋಡಿ. ಕಹಿ ಇದೆಯಾ ಅಂತ ಚೂರು ತಿಂದು ನೋಡುವುದನ್ನು ಮರೆಯಬೇಡಿ. ಒಂದು ಸಲ ಮರೆತು ಇಡೀ ಪಾತ್ರೆ ಹಿಟ್ಟು ಚೆಲ್ಲಿದ್ದೇನೆ, ಆ ದಿನ ಕಣ್ಣಲ್ಲಿ ನೀರೇ ಬಂದಿತ್ತು.

ನೀರುದೋಸೆಗೂ ಹೀಗೇ. ಹಿಟ್ಟು ಮಜ್ಜಿಗೆಯ ಹಾಗೆ ತೆಳ್ಳಗಿರಬೇಕು. ಪ್ರತಿ ಸಲ ತಳದಿಂದ ಕಲಕಿ ಹುಯ್ಯಬೇಕು, ಅಕ್ಕಿ ಕೆಳಗೆ ಕೂರುತ್ತೆ. ಕಾವಲಿ ಚೆನ್ನಾಗಿ ಕಾಯದಿದ್ದರೆ ತೂತು ಬೀಳುವುದಿಲ್ಲ. ನಿಂತು ಹುಯ್ಯುವ ತಿಂಡಿಯೇ ಆದರೂ ನೀರುದೋಸೆ ತಣ್ಣಗಾದರೂ ಮೆತ್ತಗೇ ಇರುತ್ತೆ. ಆರೂವರೆಗೇ ಅಷ್ಟೂ ಹುಯ್ದು ಮುಚ್ಚಿಟ್ಟರೂ ನಡೆಯುತ್ತೆ. ಬಿಸಿ ಇರುವಾಗ ಒಂದರ ಮೇಲೊಂದು ಪೇರಿಸಬೇಡಿ, ಅಂಟಿಕೊಳ್ಳುತ್ತೆ. ನಾಲ್ಕು ಮಡಿಕೆ ಮಡಿಸಿ ಅಕ್ಕಪಕ್ಕ ಇಡಿ.

ಹೊಸನಗರ ಕಡೆಯಿಂದ

ಚಿತ್ರಾನ್ನ ಮಾಡುವವರಿಗೆ ಒಂದು ಮಾತು. ರಾತ್ರಿ ಉಳಿದ ಅನ್ನವನ್ನು ಬೆಳಗಿನವರೆಗೂ ಹೊರಗೆ ಇಡಬೇಡಿ. ಮಳೆಗಾಲ, ತಂಪಿದೆ ಅಂತ ಸುಮ್ನೆ ಬಿಡುತ್ತೇವೆ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟ ಮುಗಿದ ಕೂಡಲೇ ಅಗಲ ತಟ್ಟೆಗೆ ಹರವಿ, ಬಿಸಿ ಆರಿದ ತಕ್ಷಣ ಫ್ರಿಜ್ಜಿಗೆ ಇಡಿ. ನಮ್ಮ ಮನೆಯಲ್ಲಿ ಒಂದು ಸಲ ಇದರಿಂದಲೇ ಇಬ್ಬರು ಮಕ್ಕಳು ವಾಂತಿ ಮಾಡಿಕೊಂಡು ಮಲಗಿಬಿಟ್ಟಿದ್ದರು, ಅದಕ್ಕೆ ಹೇಳಿದೆ. ಡಬ್ಬಿಗೆ ಹಸಿ ಕಾಯಿ ಚಟ್ನಿ ಬದಲು ಚಟ್ನಿಪುಡಿಗೆ ತುಪ್ಪ ಕಲಸಿ ಹಾಕಿ.

ಮತ್ತೆ ವಿನೋಬನಗರದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕಡುಬು ಕಟ್ಟಿಟ್ಟಿದ್ದೆ. ಬೆಳಿಗ್ಗೆ ಅದು ಬೇಯುತ್ತಿರುವಾಗ ನಿಧಾನವಾಗಿ ಕೂತು ಜಡೆ ಹಾಕಿದೆ. ಇವತ್ತು ಯಾಕೆ ಕೂದಲು ಎಳೆಯುತ್ತಿಲ್ಲ ಅಂತ ಮಗಳು ಕೇಳಿದಳು. ಏಳೂಕಾಲಿಗೆ ನಾಲ್ಕೂ ಜನ ತಿಂದೆವು. ಶುಕ್ರವಾರದ ಹಚ್ಚವಲಕ್ಕಿ ತಮ್ಮದು ಅಂತ ಯಜಮಾನರು ಒಪ್ಪಿದ್ದಾರೆ. ಆದರೆ ನನ್ನ ಕಡುಬು ಸ್ವಲ್ಪ ಗಟ್ಟಿ ಆಗಿತ್ತು, ಕೆಲವು ಬಿರುಕು ಬಿಟ್ಟಿದ್ದವು. ಒಂದಕ್ಕೆ ಎರಡೇ ನೀರು ಹಾಕಿದ್ದೆ. ಎಲ್ಲಿ ತಪ್ಪಾಯಿತು?

ತೀರ್ಥಹಳ್ಳಿ ಕಡೆಯವರು

ಅಕ್ಕಿ ಹಳೇದಿರಬೇಕು. ಹಳೇ ಅಕ್ಕಿ ನೀರು ಜಾಸ್ತಿ ಕುಡಿಯುತ್ತೆ. ಎರಡೂಕಾಲು ಲೋಟ ಹಾಕಿ ನೋಡಿ, ಸಾಲದಿದ್ದರೆ ಎರಡೂವರೆ. ಮಗುಚುವಾಗ ಹಿಟ್ಟು ಸ್ವಲ್ಪ ಮೆತ್ತಗೇ ಕಾಣಬೇಕು, ಮುಚ್ಚಿಟ್ಟ ಹತ್ತು ನಿಮಿಷದಲ್ಲಿ ಗಟ್ಟಿಯಾಗುತ್ತೆ. ಉಂಡೆಯ ಮೇಲೆ ಬಿರುಕು ಕಂಡರೆ ಒದ್ದೆ ಕೈಯಲ್ಲಿ ಸವರಿ ಆಮೇಲೆ ಫ್ರಿಜ್ಜಿಗೆ ಇಡಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಗಾಳಿ ತಾಗಿದರೆ ರಾತ್ರಿ ಕಳೆಯುವುದರಲ್ಲಿ ಮೇಲ್ಗಡೆ ಒಣಗುತ್ತೆ. ಮುಂದಿನ ಸಲ ಹೇಗಾಯಿತು ಹೇಳಿ, ಕಾಯುತ್ತಿರುತ್ತೇನೆ.