ಕಾಲಕ್ಕೆ ಮೊದಲೇ ಉದ್ಯಮಕ್ಕೆ ಇಳಿದವರ ಅನುಭವ ಬೇಕು

ಬದಿಯಡ್ಕದಿಂದ:
ಅಡಕೆ ತೋಟಗಳಿಗೆ ಡ್ರೋನ್ ಮೂಲಕ ಬೋರ್ಡೋ ದ್ರಾವಣ (ಕೊಳೆರೋಗ ತಡೆಯುವ ಮೈಲುತುತ್ತು-ಸುಣ್ಣದ ಮಿಶ್ರಣ) ಸಿಂಪಡಿಸಿಕೊಡುವ ಬಾಡಿಗೆ ಸೇವೆಯನ್ನು ಆರಂಭಿಸಬೇಕೆಂದಿದ್ದೇನೆ. ಅದಕ್ಕೆ ಕಾಲ ಇನ್ನೂ ಬಂದಿಲ್ಲವೆಂದು ಮನೆಯವರು ತಡೆಯುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಪೆರ್ಲದಿಂದ:
ನಾನು 2003ರಲ್ಲಿ ಹಾಳೆತಟ್ಟೆಯ, ಅಂದರೆ ಅಡಕೆ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುವ ಊಟದ ತಟ್ಟೆಯ, ಘಟಕ ಹಾಕಿದವನು. ಸಾಲ 2,40,000 ರೂಪಾಯಿ. ಯಂತ್ರಕ್ಕೆ ಬೇಕಾದ ತ್ರೀ ಫೇಸ್ ವಿದ್ಯುತ್ ಸಂಪರ್ಕಕ್ಕೆ ಏಳು ತಿಂಗಳು ಕಾದೆ, ಆ ಏಳು ತಿಂಗಳೂ ಬಡ್ಡಿ ಕಟ್ಟಿದೆ. ಒಂದು ತಟ್ಟೆಗೆ ನನಗೆ ಬೀಳುತ್ತಿದ್ದ ಖರ್ಚು 1 ರೂಪಾಯಿ 70 ಪೈಸೆ. ಮದುವೆಮನೆಯವರಿಗೆ ಪ್ಲಾಸ್ಟಿಕ್ ಲೇಪಿಸಿದ ಕಾಗದದ ತಟ್ಟೆ 45 ಪೈಸೆಗೆ ಸಿಗುತ್ತಿತ್ತು. ತೋಟದಲ್ಲಿ ಬಿದ್ದ ಹಾಳೆಗೂ ದುಡ್ಡು ಕೊಡಬೇಕೇ ಎಂದು ಮುಖಕ್ಕೇ ಕೇಳಿದವರಿದ್ದಾರೆ. 2006ರ ಮಳೆಗಾಲದಲ್ಲಿ 11,000 ತಟ್ಟೆಗಳಿಗೆ ಬೂಸು ಹಿಡಿದು, ಅಷ್ಟನ್ನೂ ತೆಂಗಿನ ಬುಡಕ್ಕೆ ಹಾಕಿದೆ. 2009ರಲ್ಲಿ ಯಂತ್ರವನ್ನು ಕಿಲೋಗೆ 17 ರೂಪಾಯಿಯಂತೆ ಗುಜರಿಗೆ ತೂಗಿ ಕೊಟ್ಟೆ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ಕೇರಳದಲ್ಲಿ ನಿಷೇಧ ಬಂದದ್ದು 2020ರ ಜನವರಿ 1ರಂದು, ದೇಶದಲ್ಲೆಲ್ಲ 2022ರ ಜುಲೈ 1ರಂದು. ಅಲ್ಲಿಯ ತನಕ ಬಡ್ಡಿ ಕಟ್ಟಿ ಕಾಯಲು ಯಾರಿಂದ ಸಾಧ್ಯ?

ಮಂಜೇಶ್ವರದಿಂದ:
ಬೂಸು ಹಿಡಿದದ್ದಕ್ಕೆ ಕಾಲವನ್ನು ದೂರುವುದು ನ್ಯಾಯವಲ್ಲ. ನಾನು 2012ರಿಂದ ಇದೇ ತಟ್ಟೆಯನ್ನು ಮಾಡುತ್ತಿದ್ದೇನೆ. ಜನವರಿಯಿಂದ ಏಪ್ರಿಲ್ ಒಳಗೆ ಬಿದ್ದ ಹಾಳೆಯನ್ನಷ್ಟೇ ಕೊಂಡು, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ, ಅಟ್ಟದಲ್ಲಿ ದಾಸ್ತಾನಿಟ್ಟು, ಅಚ್ಚಿಗೆ ಹಾಕುವ ಹೊತ್ತಿಗೆ ಮಾತ್ರ ನೆನೆಸಿದರೆ ಮಳೆಗಾಲದಲ್ಲೂ ತಟ್ಟೆ ಕೆಡುವುದಿಲ್ಲ. ನಿಷೇಧ ಬರಲೆಂದು ನಾನು ಕಾದು ಕೂರಲಿಲ್ಲ.

ಕುಂಬಳೆಯಿಂದ:
ತಯಾರಿಕೆಯಲ್ಲಿ ಲೋಪವಿಲ್ಲದಿದ್ದರೂ ಸೋಲಬಹುದು. ನಾನು 2004ರಲ್ಲಿ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಮಾರುವುದಕ್ಕಾಗಿ ಕೆಲಸ ಬಿಟ್ಟೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಸೇರಿ ರೂಪಿಸಿದ ಆ ಕೈಗಣಕದ ಪರದೆಯ ಮೇಲೆ ಕಡ್ಡಿಯಿಂದ ಬರೆಯಬಹುದಿತ್ತು, ಕೈಯಲ್ಲಿ ಓರೆ ಮಾಡಿದರೆ ಪುಟ ತಿರುಗುತ್ತಿತ್ತು. ಐಫೋನ್ ಬಂದದ್ದು 2007ರಲ್ಲಿ. ಆದರೆ ಹಳ್ಳಿಯಲ್ಲಿ ಅಗ್ಗದ ಅಂತರ್ಜಾಲವಿಲ್ಲದಾಗ, ಹತ್ತು ಸಾವಿರದ ಆಸುಪಾಸು ಬೆಲೆಯ ವಸ್ತುವಿನಿಂದ ಏನು ಮಾಡಲಿ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಾರಿದ್ದು ಹದಿನಾಲ್ಕು, ಕಳೆದುಕೊಂಡದ್ದು 85,000 ರೂಪಾಯಿ.

ಮಂಜೇಶ್ವರದಿಂದ:
ಗಣಕದ ಕತೆಯನ್ನು ಹಾಳೆತಟ್ಟೆಗೆ ಜೋಡಿಸಬೇಡಿ. ತಟ್ಟೆಗೆ ಅಂತರ್ಜಾಲ ಬೇಕಿಲ್ಲ, ಶ್ರದ್ಧೆ ಬೇಕು.

ಪೆರ್ಲದಿಂದ:
ಶ್ರದ್ಧೆಯ ಮಾತನ್ನು ನನಗೆ ಹೇಳಬೇಡಿ. ವೋಲ್ಟೇಜ್ ಇಳಿದು ಅಚ್ಚು ಕಾಯದ ರಾತ್ರಿಗಳಲ್ಲಿ ನಾನೂ ನನ್ನ ಹೆಂಡತಿಯೂ ಎರಡು ಗಂಟೆಯವರೆಗೆ ಕರೆಂಟು ಕಾಯುತ್ತ ಕುಳಿತಿದ್ದೇವೆ. ನೀವು ಆರಂಭಿಸುವಾಗ ಕೊಳ್ಳುವವರು ಹಾಳೆತಟ್ಟೆಯನ್ನು ಕಂಡಿದ್ದರು. ಒಂಬತ್ತು ವರ್ಷ ಮೊದಲು ಮನೆಮನೆಗೆ ಹೋಗಿ, ಅದರಲ್ಲಿ ಸಾರು ಬಡಿಸಿ, ಸೋರುವುದಿಲ್ಲವೆಂದು ತೋರಿಸಿಕೊಟ್ಟವರಲ್ಲಿ ನಾನೂ ಒಬ್ಬ. ಗುಜರಿಗೆ ಹಾಕಿದ ನನ್ನ ಯಂತ್ರವನ್ನು ಹೋದ ವರ್ಷ ಅಡ್ಯನಡ್ಕದ ಕಡೆಯ ಒಂದು ಶೆಡ್ಡಿನಲ್ಲಿ ಕಂಡೆ. ಹೊಸ ಬಣ್ಣ ಬಳಿದಿದ್ದಾರೆ, ದಿನಕ್ಕೆ ಎರಡು ಪಾಳಿ ಓಡುತ್ತಿದೆ.