ತುರ್ತು: ‘ಗೇನ್’ಗೆ ಕನ್ನಡದಲ್ಲಿ ಏನನ್ನೋಣ? (ಕಛೇರಿ ಧ್ವನಿಮುದ್ರಣದ ಸೂಚನಾ ಹಾಳೆಗೆ)

ಬಸವನಗುಡಿಯಿಂದ

ಮಾನ್ಯರೇ,

ಬಡಾವಣೆಯ ಸಂಗೀತ ಸಭೆಯೊಂದಕ್ಕೆ ಒಂದು ಹಾಳೆ ಸೂಚನೆಯನ್ನು ಕನ್ನಡ ಮಾಡುತ್ತಿದ್ದೇನೆ. ಸಂಜೆ 6ಕ್ಕೆ ಲ್ಯಾಮಿನೇಷನ್‌ಗೆ ಹೋಗಬೇಕು. ಓದುವವರು ಸ್ವಯಂಸೇವಕರು. ಪರದೆ ಏಳಲು ಹತ್ತು ನಿಮಿಷ ಇರುವಾಗ, ಅರೆಬೆಳಕಲ್ಲಿ, ರೆಕಾರ್ಡರ್ ಕೈಯಲ್ಲಿಟ್ಟುಕೊಂಡು ಓದುತ್ತಾರೆ. ಸಿಕ್ಕಿಕೊಂಡಿರುವ ಸಾಲುಗಳು ಇವು:

“ಒಂದೇ ಮಾದರಿಯ ಎರಡು ಕಾರ್ಡಿಯಾಯ್ಡ್ ಕಂಡೆನ್ಸರ್ ಮೈಕ್ ತನ್ನಿ. ತಲೆಗಳ ನಡುವೆ 17 ಸೆಂ.ಮೀ., ಕೋನ 110 ಡಿಗ್ರಿ. ಫ್ಯಾಂಟಮ್ ಪವರ್ ಹಾಕಿ. ಮಟ್ಟ ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ ಇಡಿ. ಕ್ಲಿಪ್ ಆದದ್ದನ್ನು ಆಮೇಲೆ ಸರಿಮಾಡಲು ಬಾರದು.”

ಗೇನ್‌ಗೆ ‘ಲಾಭ’ ಅಂತ ಮಾತ್ರ ಯಾರೂ ಹೇಳಬೇಡಿ. ಅದು ಮೈಕಿನಿಂದ ಬರುವ ದನಿಯನ್ನು ರೆಕಾರ್ಡರ್ ಎಷ್ಟು ಹಿಗ್ಗಿಸಿಕೊಳ್ಳಬೇಕು ಅನ್ನುವುದು. ಕಾರ್ಡಿಯಾಯ್ಡ್ ಅಂದರೆ ಮುಂದಿನದನ್ನು ಕೇಳಿ ಹಿಂದಿನದನ್ನು ಬಿಡುವ ಮೈಕು, ಫ್ಯಾಂಟಮ್ ಪವರ್ ಅಂದರೆ ಕಂಡೆನ್ಸರ್ ಮೈಕಿಗೆ ದನಿಯ ವೈರಿನಲ್ಲೇ ಹೋಗುವ ವಿದ್ಯುತ್ತು, ಕ್ಲಿಪ್ ಅಂದರೆ ಮಟ್ಟ ಮಿತಿ ಮೀರಿ ದನಿ ಕತ್ತರಿಸಿಹೋಗುವುದು.

ಮಲ್ಲೇಶ್ವರದಿಂದ

ಇದರಲ್ಲಿ ತುರ್ತೇನು ಬಂತು? ‘ವರ್ಧನೆ’. ‘ಧ್ವನಿವರ್ಧಕ’ ಎಲ್ಲರಿಗೂ ಗೊತ್ತು, ಅದೇ ಧಾತು. ಕಾರ್ಡಿಯಾಯ್ಡ್ ಅಂದರೆ ‘ಹೃದಯಾಕಾರ’. ಗ್ರೀಕಿನ ಕಾರ್ಡಿಯಾ, ಲ್ಯಾಟಿನ್ನಿನ ಕೋರ್, ನಮ್ಮ ಹೃದ್ ಮೂರೂ ಒಂದೇ ಬೇರಿನವು. ಮನೆಮಗಳನ್ನೇ ಮನೆಗೆ ಕರೆದುಕೊಂಡ ಹಾಗೆ. ಫ್ಯಾಂಟಮ್ ಪವರ್‌ಗೆ ‘ಛಾಯಾವಿದ್ಯುತ್’.

ಚಾಮರಾಜಪೇಟೆಯಿಂದ

ಸಾರ್, ‘ವರ್ಧನೆ’ ಅಂತ ಬರೆದರೆ ಕಛೇರಿ ಕೆಟ್ಟಂತೆ. ‘ಧ್ವನಿವರ್ಧಕ’ ಅಂದ ಕೂಡಲೇ ಹುಡುಗರ ತಲೆಗೆ ಬರುವುದು ಸ್ಪೀಕರು. ಅವರು ತಿರುಗಿಸುವುದು ಹೆಡ್‌ಫೋನ್ ವಾಲ್ಯೂಮನ್ನು. ಕಿವಿಗೆ ಇಂಪಾಗಿ ಕೇಳುತ್ತದೆ, ಫೈಲಿನಲ್ಲಿ ದನಿ ಹರಿದುಹೋಗಿರುತ್ತದೆ. ಗೇನ್ ಇರುವುದು ಒಳಬರುವ ಬಾಗಿಲಲ್ಲಿ, ದನಿ ಅಂಕಿಯಾಗುವ ಮೊದಲು. ವಾಲ್ಯೂಮ್ ಹೊರಹೋಗುವ ಬಾಗಿಲಲ್ಲಿ. ಈ ವ್ಯತ್ಯಾಸ ಕಾಣದ ಪದ ಈ ಹಾಳೆಗೆ ಬೇಡ.

ಮೈನಸ್ 12 ಸರಿ, ಆದರೆ ಯಾವಾಗ ನೋಡಿಕೊಂಡದ್ದು ಅನ್ನುವುದನ್ನೂ ಬರೆಯಿರಿ ಮೇಡಂ. ಶ್ರುತಿ ಸೇರಿಸುವಾಗ ಗಾಯಕರು ಮೆಲ್ಲಗೆ ‘ಸಾ’ ಹಿಡಿದದ್ದಕ್ಕೆ ಗೇನ್ ಕೂರಿಸಿದರೆ ತನಿ ಆವರ್ತನದಲ್ಲಿ ಮೃದಂಗದ ಚಾಪು ಪೆಟ್ಟು ನೇರ ಸೊನ್ನೆಗೆ, ಅಂದರೆ ಅಳತೆಯ ತುತ್ತತುದಿಗೆ, ಬಡಿಯುತ್ತದೆ. ಮೃದಂಗದವರನ್ನು ಜೋರಾಗಿ ನಾಲ್ಕು ಪೆಟ್ಟು ಬಾರಿಸಲು ಕೇಳಿ, ಆ ಪೆಟ್ಟು ಮೈನಸ್ 12ಕ್ಕೆ ನಿಲ್ಲಬೇಕು. 24 ಬಿಟ್ ಸೂಕ್ಷ್ಮತೆಯಲ್ಲಿ ಮುದ್ರಿಸಿದರೆ ವೀಣೆ ಸಣ್ಣಗೆ ಬಿತ್ತು ಅನ್ನುವ ಭಯವಿಲ್ಲ, ಆಮೇಲೆ ಎತ್ತಿಕೊಳ್ಳಬಹುದು. ತಗ್ಗು ದನಿ ಕತ್ತರಿಸುವ ಲೋ ಕಟ್ ಗುಂಡಿ ಮುಟ್ಟಬೇಡಿ ಅಂತಲೂ ಸೇರಿಸಿ. ಫ್ಯಾನಿನ ಗುಂಯ್ ಜೊತೆಗೆ ಮೃದಂಗದ ಎಡಮುಖದ ತೊಪ್ಪಿಯ ತೂಕವೂ ಹೋಗುತ್ತದೆ.

ಕ್ಲಿಪ್‌ಗೆ ಪದ ಹುಡುಕಬೇಕಾಗಿಲ್ಲ. ಸೌಂಡಿನವರು ‘ಒಡೀತಿದೆ’ ಅನ್ನುತ್ತಾರೆ. ‘ದನಿ ಒಡೆಯುತ್ತದೆ’ ಅಂತ ಬರೆಯಿರಿ.

ವಿಜಯನಗರದಿಂದ

ಇರುವ ಕನ್ನಡವನ್ನು ಬಿಟ್ಟು ಒಬ್ಬರು ಸಂಸ್ಕೃತಕ್ಕೆ ಓಡುತ್ತಾರೆ, ಇನ್ನೊಬ್ಬರು ಇಂಗ್ಲಿಶಿಗೆ. ಗೇನ್ ಅಂದರೆ ಎಷ್ಟು ಪಟ್ಟು ಅನ್ನುವ ಲೆಕ್ಕ, ಕೂಡಿಕೆ ಅಲ್ಲ. ಅದಕ್ಕೆ ನಮ್ಮಲ್ಲಿ ‘ಮಡಿ’ ಇದೆ: ಇಮ್ಮಡಿ, ಮುಮ್ಮಡಿ, ನೂರ್ಮಡಿ. ವೋಲ್ಟೇಜಿನ ಲೆಕ್ಕದಲ್ಲಿ 6 ಡೆಸಿಬೆಲ್ ಹೆಚ್ಚುಕಡಿಮೆ ಇಮ್ಮಡಿ, 20 ಹತ್ತುಮಡಿ, 40 ನೂರ್ಮಡಿ, 60 ಸಾಸಿರ್ಮಡಿ. ಇದಕ್ಕಿಂತ ಒಪ್ಪುವ ಪದ ಜಗತ್ತಿನ ಯಾವ ನುಡಿಯಲ್ಲಿದೆ?

ಚಾಮರಾಜಪೇಟೆಯಿಂದ

ಲೆಕ್ಕ ಒಪ್ಪಿದೆ, ಚೆನ್ನಾಗಿದೆ. ಆದರೆ ರಾಮನವಮಿ ಪೆಂಡಾಲಿನಲ್ಲಿ ರೆಕಾರ್ಡರ್ ಮೇಲೆ ‘ಮಡಿ’ ಅಂತ ಅಂಟಿಸಿ ನೋಡಿ. ಸ್ನಾನ ಮಾಡದೆ ಒಬ್ಬನೂ ಮುಟ್ಟುವುದಿಲ್ಲ.

ವಿಜಯನಗರದಿಂದ

ಗೇಲಿ ವಾದವಲ್ಲ. ಬಟ್ಟೆ ಮಡಿಸುವಾಗ ಯಾರಿಗೂ ಗೊಂದಲವಿಲ್ಲವಲ್ಲ?

ಹನುಮಂತನಗರದಿಂದ

‘ಹೃದಯಾಕಾರ’ ಅಂದರೆ ಸ್ವಯಂಸೇವಕನಿಗೆ ಏನು ತಿಳಿಯಬೇಕು? ವೀಳ್ಯದೆಲೆ ಅನ್ನಿ. ತೊಟ್ಟು ಸೇರುವ ಕಡೆ ಎಲೆ ಒಳಕ್ಕೆ ಚುಚ್ಚಿಕೊಂಡಿರುತ್ತದಲ್ಲ, ಆ ಕಚ್ಚಿನಲ್ಲಿ ಮೈಕಿದೆ ಅಂದುಕೊಳ್ಳಿ. ಎಲೆ ಹರಡಿದ ಕಡೆಯದೆಲ್ಲ ಕೇಳುತ್ತದೆ, ತೊಟ್ಟಿನ ಕಡೆ ಕಿವುಡು. ಎಲೆ ಕಲಾವಿದರ ಕಡೆಗೆ, ತೊಟ್ಟು ಸಭಿಕರ ಮತ್ತು ಫ್ಯಾನಿನ ಕಡೆಗೆ. ಒಂದು ಚಿತ್ರ ಬರೆದರೆ ಮುಗಿಯಿತು.

ಮಲ್ಲೇಶ್ವರದಿಂದ

ವೀಳ್ಯದೆಲೆಗೆ ತುದಿ ಚೂಪು. ಕಾರ್ಡಿಯಾಯ್ಡಿಗೆ ಮುಂದೆ ಚೂಪಿಲ್ಲ, ದುಂಡು. ಅಶಾಸ್ತ್ರೀಯ.

ಹನುಮಂತನಗರದಿಂದ

ತುದಿ ಚಿವುಟಿ ಹಾಕಿಕೊಳ್ಳಿ ಸ್ವಾಮಿ, ಹೇಗೂ ಚಿವುಟಿಯೇ ತಿನ್ನುವುದು.

ಫ್ಯಾಂಟಮ್ ವಿಷಯಕ್ಕೆ ಬರೋಣ. ಅದು ಭೂತವೂ ಅಲ್ಲ, ಛಾಯೆಯೂ ಅಲ್ಲ. ಹಳೆಯ ಟೆಲಿಫೋನಿನಲ್ಲಿ ಎರಡು ಜೋಡಿ ತಂತಿಯ ಮೇಲೆ ಬೇರೆ ತಂತಿ ಎಳೆಯದೆ ಮೂರನೆಯ ಮಾತುಕತೆ ಸಾಗಿಸುತ್ತಿದ್ದರು, ಅದಕ್ಕಿಟ್ಟ ಹೆಸರು. ಮೈಕಿನಲ್ಲೂ ಅದೇ ಉಪಾಯ: 2 ಮತ್ತು 3ನೇ ಪಿನ್ನಿಗೆ ಒಂದೇ ಸಮನಾದ 48 ವೋಲ್ಟ್, ವಾಪಸು 1ರಲ್ಲಿ. ದನಿ ಆ ಎರಡರ ವ್ಯತ್ಯಾಸದಲ್ಲಿ ಹೋಗುವುದರಿಂದ ಒಂದಕ್ಕೊಂದು ಅಡ್ಡಬರುವುದಿಲ್ಲ. ಗುಂಡಿಯ ಮೇಲೆ 48 ಅಂತಲೇ ಇರುತ್ತದೆ. ‘48 ವೋಲ್ಟ್ ಗುಂಡಿ’ ಸಾಕು.

ಪದಕ್ಕಿಂತ ಮುಖ್ಯವಾದದ್ದನ್ನು ಹಾಳೆಯಲ್ಲಿ ಬಿಟ್ಟಿದ್ದೀರಿ. ವೈರ್ ಸಿಕ್ಕಿಸಿದ ಮೇಲೆ ಹಾಕಬೇಕು, ಕೀಳುವ ಮೊದಲು ಆರಿಸಬೇಕು. ಸಭಾಂಗಣದ ಮಿಕ್ಸರಿನಿಂದ (ಎಲ್ಲ ಮೈಕುಗಳ ದನಿ ಸೇರಿಸುವ ಯಂತ್ರ) ದನಿ ತೆಗೆದುಕೊಳ್ಳುವುದಾದರೆ 48 ಹಾಕಲೇಬಾರದು, ಮಿಕ್ಸರ್ ಹಾಳಾದೀತು. ಮಿಕ್ಸರಿನ ಲೈನನ್ನು (ಅದರಿಂದ ಬರುವ ಜೋರು ದನಿ) ಮೈಕಿನ ಕಿಂಡಿಗೆ ಕೊಟ್ಟರೆ ಗೇನ್ ಪೂರ್ತಿ ಇಳಿಸಿದರೂ ಒಡೆಯಬಹುದು, ಲೈನ್ ಕಿಂಡಿಯನ್ನೇ ಬಳಸಬೇಕು. 48 ಹಾಕಿದರೆ ಬ್ಯಾಟರಿಯೂ ಬೇಗ ಇಳಿಯುತ್ತದೆ, ಮೂರು ಗಂಟೆಯ ಕಛೇರಿಗೆ ಇನ್ನೊಂದು ಸೆಟ್ ಇರಲಿ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋಗೆ ಗಂಟೆಗೆ ಸುಮಾರು 1 ಜಿಬಿ.

ಜಯನಗರದಿಂದ

32 ಬಿಟ್ ಫ್ಲೋಟ್ ರೆಕಾರ್ಡರ್ ಕೊಳ್ಳಲು ಹೇಳಿ, ಮಟ್ಟ ಮೀರಿದ ದನಿಯನ್ನೂ ಆಮೇಲೆ ಇಳಿಸಿಕೊಳ್ಳಬಹುದು. ಜೂಮ್ ಎಫ್3ರಲ್ಲಿ ಗೇನ್ ಗುಂಡಿಯೇ ಇಲ್ಲ. ಪದವೂ ಬೇಡ, ಜಗಳವೂ ಬೇಡ.

ಚಾಮರಾಜಪೇಟೆಯಿಂದ

ಮೈಕಿನೊಳಗೇ ಒಡೆದ ದನಿ ಅದರಲ್ಲೂ ಒಡೆದೇ ಇರುತ್ತದೆ. ಇರುವ ಯಂತ್ರಕ್ಕೆ ಹಾಳೆ ಕೇಳಿದ್ದಾರೆ, ಹೊಸದು ಕೊಡಿಸಲು ಅಲ್ಲ.

ಮಲ್ಲೇಶ್ವರದಿಂದ

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಶುರುಮಾಡಿದ ಬಾನುಲಿ ಕೇಂದ್ರ ‘ಆಕಾಶವಾಣಿ’ ಆಯಿತು. ಆಮೇಲೆ ದೇಶವೇ ಆ ಹೆಸರು ಹಿಡಿಯಿತು. ಹೊಸ ವಸ್ತುವಿಗೆ ಹೆಸರಿಡುವ ಧೈರ್ಯ ಆಗ ಇತ್ತು.

ವಿಜಯನಗರದಿಂದ

ಆಕಾಶವೂ ಸಂಸ್ಕೃತ, ವಾಣಿಯೂ ಸಂಸ್ಕೃತ. ಕನ್ನಡ ಎಲ್ಲಿದೆ ಅದರಲ್ಲಿ?

ಚಾಮರಾಜಪೇಟೆಯಿಂದ

ಕೇಂದ್ರಕ್ಕೆ ಆಕಾಶವಾಣಿ, ಮನೆಯ ಗೂಡಿನಲ್ಲಿದ್ದ ಪೆಟ್ಟಿಗೆಗೆ ರೇಡಿಯೋ. ಎಸ್.ಪಿ. ರಸ್ತೆಗೆ ಹೋಗಿ ಮೈಕ್ ವೈರಿನ ಮೂರು ಪಿನ್ನಿನ ಕೊಂಡಿ ‘ಎಕ್ಸ್‌ಎಲ್‌ಆರ್’ ಕೇಳಿ, ಎಷ್ಟೋ ಅಂಗಡಿಯಲ್ಲಿ ‘ಕ್ಯಾನನ್ ಪಿನ್ನಾ?’ ಅಂತ ತಿರುಗಿ ಕೇಳುತ್ತಾರೆ. ಕ್ಯಾನನ್ ಅದನ್ನು ಮೊದಲು ಮಾಡಿದ ಕಂಪನಿಯ ಹೆಸರು. ಇಂಗ್ಲಿಶಿನ ಹೆಸರನ್ನೂ ಬದಿಗಿಟ್ಟು ಪೇಟೆ ತನ್ನದನ್ನು ಇಟ್ಟುಕೊಂಡಿದೆ. ನೀವಿಬ್ಬರೂ ಅಲ್ಲಿ ಹೋಗಿ ಸಮಿತಿ ಮಾಡಿ.

ಬಸವನಗುಡಿಯಿಂದ

ಎಲ್ಲರಿಗೂ ವಂದನೆ. 5.40 ಆಯಿತು, ಹೀಗೆ ಕಳಿಸುತ್ತಿದ್ದೇನೆ:

“ಮೈಕಿನ ಕಿವಿ ವೀಳ್ಯದೆಲೆಯಂತೆ (ಚಿತ್ರ ನೋಡಿ). ತೊಟ್ಟು ಸಭಿಕರ ಕಡೆಗಿರಲಿ. ವೈರ್ ಸಿಕ್ಕಿಸಿ, ಆಮೇಲೆ 48 ವೋಲ್ಟ್ ಗುಂಡಿ ಒತ್ತಿ. ಮಿಕ್ಸರಿಗೆ ಸಿಕ್ಕಿಸಿದ್ದರೆ ಒತ್ತಬೇಡಿ. ಮೃದಂಗದ ಜೋರು ಪೆಟ್ಟು ಮೈನಸ್ 12ಕ್ಕೆ ನಿಲ್ಲುವಂತೆ ಗೇನ್ ತಿರುಗಿಸಿ. ಗೇನ್ ಬೇರೆ, ಹೆಡ್‌ಫೋನ್ ವಾಲ್ಯೂಮ್ ಬೇರೆ. ಒಡೆದ ದನಿ ಕೂಡುವುದಿಲ್ಲ.”

ವಿಜಯನಗರದಿಂದ

‘ವಾಲ್ಯೂಮ್’ ಕೂಡ ಬಿಟ್ಟಿರಾ?